ಸೀಟಿಗೊಂದು ತಯಾರಿ, ಕೆಲಸಕ್ಕೊಂದು ತಯಾರಿ

ವಿರಾಜಪೇಟೆಯ ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದವರ ಕಣ್ಣೆಲ್ಲ ಎಂಜಿನಿಯರಿಂಗ್ ಸೀಟಿಗಾಗಿ ಬರೆಯುವ ಪ್ರವೇಶ ಪರೀಕ್ಷೆಯಾದ ಸಿಇಟಿಯ ಮೇಲೆಯೇ ಇತ್ತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಿಗೆ ತಲಾ 60 ಅಂಕ. ಒಂದೊಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡು. ಪಿಯುಸಿ ಅಂಕಕ್ಕೂ ಸಿಇಟಿ ಅಂಕಕ್ಕೂ ಸಮಪಾಲು ಇರುವುದರಿಂದ ಪಠ್ಯಪುಸ್ತಕ ಬಿಟ್ಟು ಗೈಡುಗಳ ಬೆನ್ನು ಹತ್ತಬೇಡಿ ಎಂದು ಭೌತಶಾಸ್ತ್ರದ ಮೇಷ್ಟ್ರು ಎಚ್ಚರಿಸುತ್ತಿದ್ದರು. ಆದರೆ ಸೀಟು ದೊರಕಿಸಿಕೊಳ್ಳುವ ತಯಾರಿಯೇ ಎಂಜಿನಿಯರ್ ಆಗುವ ತಯಾರಿಯಲ್ಲ ಎಂಬುದು ಅವರ ಖಚಿತ ನಿಲುವಾಗಿತ್ತು.

ಅರೇಬಿಕಾ ಕಾಫಿ ಕೊಯ್ಲಿನ ಕಾಲದಲ್ಲಿ ಅವರು ನಮ್ಮನ್ನು ಹತ್ತಿರದ ತೋಟವೊಂದರ ಪಲ್ಪರಿನ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ, ಮುಂದೆ ನಿಲ್ಲಿಸಿದರು. ತಿರುಗುವ ಉರುಳೆಗೂ ಎದುರಿನ ತಗಡಿಗೂ ನಡುವಿನ ಸಂದು ಕಿರಿದಾದರೆ ಬೀಜ ಕತ್ತರಿಸಿಹೋಗುತ್ತದೆ, ಅಗಲವಾದರೆ ಹಣ್ಣು ಸಿಪ್ಪೆ ಸಮೇತ ಹೊರಬೀಳುತ್ತದೆ ಎಂಬುದನ್ನು ತೋಟದ ಕೆಲಸ ನೋಡಿಕೊಳ್ಳುವ ರೈಟರು ಸ್ಕ್ರೂ ತಿರುಗಿಸಿ ತೋರಿಸಿದ ಮೇಲೆ, ಅದೇ ಭಾಗವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಅಳತೆ ಸಹಿತ ಬರೆದು ತರಲು ಮೇಷ್ಟ್ರು ಹೇಳಿದರು. ಚಿತ್ರದ ಅಂದಕ್ಕೆ ಅವರಲ್ಲಿ ಅಂಕವಿರಲಿಲ್ಲ, "ಇದನ್ನು ನೋಡಿ ಲೇತ್‌ನವನು ಸಾಮಾನು ಮಾಡಿಕೊಡಬಲ್ಲನೇ?" ಎಂಬುದೊಂದೇ ಪ್ರಶ್ನೆ. ಪಿಯುಸಿಯಲ್ಲಿ ಇಲ್ಲದ ಎಂಜಿನಿಯರಿಂಗ್ ಡ್ರಾಯಿಂಗ್ ಮೊದಲ ವರ್ಷದಲ್ಲಿ ಎದುರಾದಾಗ ಹಲವರು ತಡವರಿಸಿದರೂ ನನಗೆ ಅದು ಹೊಸದೆನಿಸಲಿಲ್ಲ.

ನಾನು ಸಿವಿಲ್ ಆರಿಸಿಕೊಂಡದ್ದಕ್ಕೆ ರಸ್ತೆಬದಿಯ ತಡೆಗೋಡೆಗಳೇ ಕಾರಣ. ಗೋಡೆಯಲ್ಲಿ ಬಿಟ್ಟ ತೂತುಗಳಿಂದ ಮಳೆಗಾಲದಲ್ಲಿ ನೀರು ಸುರಿಯುತ್ತಿದೆಯೇ ಎಂದು ನೋಡಿಬರಲು ಮೇಷ್ಟ್ರು ಹೇಳುತ್ತಿದ್ದರು. ತೂತು ಕಟ್ಟಿಕೊಂಡರೆ ಹಿಂದಿನ ಮಣ್ಣಿನ ಭಾರದ ಜೊತೆಗೆ ನೀರಿನ ಒತ್ತಡವೂ ಗೋಡೆಯ ಮೇಲೆ ಬೀಳುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಜರಿದಾಗ, ನೆಟ್ಟಗೆ ಕಡಿದ ಇಳಿಜಾರು, ಮುಚ್ಚಿಹೋದ ನೀರಿನ ದಾರಿ ಮುಂತಾದ ಮಾತುಗಳು ಎಲ್ಲರ ಬಾಯಲ್ಲೂ ಬಂದವು. ನಮಗೆ ಅವು ಪಾಠದಲ್ಲೇ ಬಂದಿದ್ದವು.

ಪ್ರೌಢಶಾಲೆಯ ಮಕ್ಕಳಿಗೂ ಅವರು ಒಂದು ಲೆಕ್ಕ ಹೇಳುತ್ತಿದ್ದರು. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾ ಮುಗಿಸಿದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಿದವರು ಪಿಯುಸಿ ಓದಿದವರೊಡನೆಯೇ ಪದವಿ ಮುಗಿಸುತ್ತಾರೆ. ಪಾಲಿಟೆಕ್ನಿಕ್ ಎಂದರೆ ಮೂಗು ಮುರಿಯುತ್ತಿದ್ದ ಪೋಷಕರಿಗೆ ಇದು ಹಿಡಿಸುತ್ತಿರಲಿಲ್ಲ. ಆ ಮಾತು ಕೇಳಿ ಡಿಪ್ಲೊಮಾಕ್ಕೆ ಹೋದ ನನ್ನ ಹೈಸ್ಕೂಲು ಗೆಳೆಯ ಎರಡನೇ ವರ್ಷದಲ್ಲಿ ನನ್ನ ತರಗತಿಗೇ ಬಂದ. ಸರ್ವೆ ಪ್ರಾಕ್ಟಿಕಲ್‌ನಲ್ಲಿ ಕೋನ ಅಳೆಯುವ ಥಿಯೋಡೊಲೈಟ್ ಉಪಕರಣ ನಿಲ್ಲಿಸುವುದನ್ನು ನಮ್ಮ ತಂಡ ಕಲಿತದ್ದು ಅವನಿಂದ.