ಸರ್ವೆ ಮುಗಿದ ಮೇಲೆ ಬಿದ್ದ ಗೋಡೆ

ಅಮೆರಿಕಕ್ಕೆ ಬಡಿದ ಕತ್ರಿನಾ ಚಂಡಮಾರುತದ ಬಗ್ಗೆ ಅಲ್ಲಿನ ನಿರ್ದೇಶಕ ಸ್ಪೈಕ್ ಲೀ 2006ರಲ್ಲಿ ಮಾಡಿದ ಸಾಕ್ಷ್ಯಚಿತ್ರ ‘ವೆನ್ ದ ಲೆವೀಸ್ ಬ್ರೋಕ್’ ನಾಲ್ಕು ಭಾಗದ್ದು, ನೋಡಿ ಮುಗಿಸಲು ನಾಲ್ಕು ತಾಸು ಬೇಕು. ಕಲಬುರಗಿಯ ನಮ್ಮ ಮನೆಯಲ್ಲಿ ಒಂದು ಭಾನುವಾರ ಅದನ್ನು ಹಚ್ಚಿಕೊಂಡು ಕೂತಿದ್ದೆ. ಕಣ್ಣು ತೋರಿಸಲು ಅಫಜಲಪುರ ಕಡೆಯಿಂದ ಬಂದಿದ್ದ ಕಾಕಾ ಪಕ್ಕದಲ್ಲಿದ್ದರು. ಅವರಿಗೆ ಇಂಗ್ಲಿಷ್ ಬರಲ್ಲ, ಸ್ವಲ್ಪ ಹೊತ್ತು ನೋಡಿ ಎದ್ದು ಹೋಗ್ತಾರೆ ಅಂದುಕೊಂಡೆ. ಅವರು ಊಟಕ್ಕೂ ಏಳಲಿಲ್ಲ.

ಅವರ ಊರು ಭೀಮಾ ದಂಡೆಯಲ್ಲೇ ಇದೆ. 2020ರ ಅಕ್ಟೋಬರಿನಲ್ಲಿ ಜೋರು ಮಳೆ, ಮೇಲಿಂದ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು, ಎರಡೂ ಕೂಡಿ ಹೊಳೆ ಊರೊಳಗೇ ಬಂದಿತ್ತು.

‘ಗಾಳಿಗೇ ಹಿಂಗ ಆಗ್ಯದೇನು ತಮ್ಮ?’ ಅಂದರು. ಗಾಳಿಗಲ್ಲ ಕಾಕಾ, ಅಂದೆ. 2005ರ ಆಗಸ್ಟ್ 29ಕ್ಕೆ ಚಂಡಮಾರುತ ಬಂತು, ನ್ಯೂ ಆರ್ಲಿಯನ್ಸ್ ಊರಿನ ಎಷ್ಟೋ ಭಾಗ ಸಮುದ್ರಕ್ಕಿಂತ ತಗ್ಗಿನಲ್ಲಿದೆ, ಅದನ್ನು ಕಾಯಲು ಕಟ್ಟಿದ್ದ ಒಡ್ಡು, ಗೋಡೆಗಳು 50ಕ್ಕೂ ಹೆಚ್ಚು ಕಡೆ ಒಡೆದು ಊರಿನ ಶೇ 80ರಷ್ಟು ಭಾಗ ಮುಳುಗಿತು. 17ನೇ ಬೀದಿಯ ಕಾಲುವೆ ಗೋಡೆಯಂತೂ ನೀರು ಅದರ ತಲೆ ಮುಟ್ಟುವ ಮೊದಲೇ ಬುಡ ಜಾರಿ ಹೋಯಿತು. ಅದನ್ನು ಕಟ್ಟಿಸಿದ್ದು ಅಲ್ಲಿನ ಸೇನೆಯ ಎಂಜಿನಿಯರ್ ವಿಭಾಗ. ಕಾಕಾ ತಲೆ ಅಲ್ಲಾಡಿಸಿದರು. ‘ಮನುಷ್ಯಾ ಕಟ್ಟಿದ್ದು, ಮನುಷ್ಯಾ ಬಿಟ್ಟಿದ್ದು. ಮಳಿಗಿ ಯಾಕ ಬೈಬೇಕು?’

ಸಿನಿಮಾಕ್ಕೆ ಸಂಗೀತ ಕೊಟ್ಟ ಟೆರೆನ್ಸ್ ಬ್ಲಾಂಚರ್ಡ್ ತನ್ನ ತಾಯಿಯನ್ನು ಅವರ ಹಾಳಾದ ಮನೆಗೆ ಕರೆದುಕೊಂಡು ಹೋಗುವ ದೃಶ್ಯ ಬಂತು. ಆ ತಾಯಿ ಒಳಗೆ ನೋಡಿ ಅಳ್ತಾರೆ. ಅದನ್ನು ನಾನು ಅನುವಾದ ಮಾಡಬೇಕಾಗಲಿಲ್ಲ. ಕಾಕಾ ನಿಲ್ಲಿಸು ಅಂದರು. ಆಮೇಲೆ ತಾವೇ ಮಾತಾಡತೊಡಗಿದರು.

ನೀರು ಇಳಿದ ಮೇಲೆ ಮನೆಗೆ ಹೋದಾಗ ಮೊದಲು ಮೂಗಿಗೆ ಬಡಿದದ್ದು ಜೋಳದ ವಾಸನೆಯಂತೆ. ಚೀಲಗಳು ಉಬ್ಬಿ ಹೊಲಿಗೆ ಬಿಚ್ಚಿದ್ದವು, ಒಳಗೆ ಕಾಳು ಮೊಳಕೆ ಒಡೆದು ಹುಳಿ ಹುಳಿ ನಾರುತ್ತಿತ್ತು, ದನಗಳೂ ಮೂಸಿ ನೋಡಲಿಲ್ಲ. ಹೊಲದಲ್ಲಿ ತೊಗರಿ ಹಸಿರಾಗೇ ನಿಂತಿತ್ತು, ಬೇರು ಕೊಳೆತು ಆಮೇಲೆ ಒಣಗಿತು. ಗೋಡೆಯೂ ಹಾಗೇ. ಮಣ್ಣಿನ ಗೋಡೆ ನೀರು ಕುಡಿದು ನಿಂತಿರುತ್ತೆ, ಬಿಸಿಲು ಬಿದ್ದು ಒಣಗುವಾಗ ಬಿರುಕು ಬಿಟ್ಟು ಕುಸಿಯುತ್ತೆ. ಸರ್ವೆಗೆ ಬಂದವರು ನೋಡಿದಾಗ ಗೋಡೆ ನಿಂತಿತ್ತು. ಹಾನಿಯನ್ನು ಎ, ಬಿ, ಸಿ ಅಂತ ವಿಂಗಡಿಸುತ್ತಾರಲ್ಲ, ಕಾಕಾನ ಮನೆಗೆ ಸಿ ಬಿತ್ತು, ಅಂದರೆ ಎಲ್ಲಕ್ಕಿಂತ ಕಡಿಮೆ ಹಾನಿ. ಸರ್ವೆಯವರು ಹೋದ ಮೇಲೆ ಹಿಂದಿನ ಗೋಡೆ ಪೂರ್ತಿ ಮಲಗಿತು. ಮತ್ತೆ ಅರ್ಜಿ ಕೊಟ್ಟರೆ ಪಟ್ಟಿ ಮೇಲಕ್ಕೆ ಹೋಗಿಬಿಟ್ಟಿದೆ ಅಂದರಂತೆ. ಇದನ್ನೆಲ್ಲ ನಮ್ಮ ಮನೆಯಲ್ಲಿ ಯಾರಿಗೂ ಅವರು ಇಷ್ಟು ಬಿಡಿಸಿ ಹೇಳಿರಲಿಲ್ಲ. ಕೇಳುತ್ತಾ ನನಗೆ ಸಿಟ್ಟೇ ಬಂತು.

ಆಗ ನಾನು ಓದಿದ್ದೊಂದನ್ನು ಹೇಳಿದೆ. ನ್ಯೂ ಆರ್ಲಿಯನ್ಸಿನಲ್ಲಿ ಮನೆ ಕಟ್ಟಿಕೊಳ್ಳಲು ‘ರೋಡ್ ಹೋಮ್’ ಅಂತ ಯೋಜನೆ ತಂದರು. ಮನೆಯ ಹಳೆಯ ಬೆಲೆ ಮತ್ತು ದುರಸ್ತಿಯ ಖರ್ಚು, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಲೆಕ್ಕದಲ್ಲಿ ದುಡ್ಡು. ಕಪ್ಪು ಜನರ ಬಡಾವಣೆಗಳಲ್ಲಿ ಮನೆಗೆ ಬೆಲೆ ಕಡಿಮೆ, ಆದರೆ ಸಿಮೆಂಟು, ಕಟ್ಟಿಗೆ ಅವರಿಗೇನು ಅಗ್ಗಕ್ಕೆ ಸಿಗುತ್ತಾ? ಕೇಸು ಹಾಕಿದರು, 2011ರಲ್ಲಿ ರಾಜಿಯಾಯಿತು. ಅಷ್ಟರಲ್ಲಿ ಎಷ್ಟೋ ಜನ ಹ್ಯೂಸ್ಟನ್, ಅಟ್ಲಾಂಟಾ ಕಡೆ ನೆಲೆಯಾಗಿದ್ದರು. 2000ದಲ್ಲಿ 4.84 ಲಕ್ಷ ಇದ್ದ ನ್ಯೂ ಆರ್ಲಿಯನ್ಸಿನ ಜನಸಂಖ್ಯೆ 2010ರ ಗಣತಿಯಲ್ಲಿ 3.43 ಲಕ್ಷ. ಒಡ್ಡು ಮಾತ್ರ ಸಾವಿರಾರು ಕೋಟಿ ಸುರಿದು ಹೊಸದಾಗಿ ಕಟ್ಟಿದ್ದಾರೆ. ಅದೂ ಬೇಕು, ಇಲ್ಲ ಅನ್ನಲ್ಲ. ಆದರೆ ಊರು ಚೇತರಿಸಿಕೊಂಡಿತು ಅಂತ ಬರೆಯುವಾಗ ಈ ಲಕ್ಷಕ್ಕೂ ಹೆಚ್ಚು ಜನರನ್ನು ಎಲ್ಲಿ ಸೇರಿಸೋದು?

‘ನಮ್ಮೂರಾಗೂ ಎರಡು ಮನಿಯವರು ಪುಣೆಕ್ಕ ಹೋದವರು ತಿರುಗಿ ಬಂದಿಲ್ಲ’ ಅಂದರು ಕಾಕಾ.

ನೀರು ಇಳಿದು ಒಂದೆರಡು ತಿಂಗಳಾದ ಮೇಲೆ ಇನ್ನೊಮ್ಮೆ ಸರ್ವೆ ಮಾಡಿಸಬೇಕು, ಮಣ್ಣಿನ ಮನೆಗಳಿಗಂತೂ ಮಾಡಲೇಬೇಕು. ಇದನ್ನೇ ಅರ್ಜಿಯಲ್ಲಿ ಬರೆಯೋಣ ಅಂದೆ. ‘ಬರಿ, ಆದರ ನನ್ನೊಬ್ಬನ ಹೆಸರು ಹಾಕಬ್ಯಾಡ’ ಅಂದವರೇ ತಮ್ಮ ಓಣಿಯಲ್ಲಿ ಹಾಗೆ ಗೋಡೆ ಬಿದ್ದವರ ಹೆಸರು ಒಂದೊಂದಾಗಿ ಹೇಳತೊಡಗಿದರು.