ಏರಿನಲ್ಲಿ ಜರ್ಕ್ ಹೊಡೆಯುವ ಹಳೆಯ ಪಿಕಪ್: ನಾಜಲ್ ಬಿಚ್ಚುವ ಮೊದಲು

2.5 ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಪಿಕಪ್ ಏರಿನಲ್ಲಿ ಎಳೆಯದೆ ಜರ್ಕ್ ಹೊಡೆಯತೊಡಗಿದರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು ‘ನಾಜಲ್ ಹೋಗಿರಬೇಕು’ ಎಂಬುದು. ನಾಜಲ್ ಎಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ತುದಿ. ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ‘ರೈಲ್’ ಎಂಬ ಒಂದೇ ಕೊಳವೆಯಿಂದ ಹೆಚ್ಚಿನ ಒತ್ತಡದ ಡೀಸೆಲ್ ಹೋಗುವ) ಎಂಜಿನ್ನಿನ ಇಂಜೆಕ್ಟರುಗಳನ್ನು ಬಿಚ್ಚಿಸಿ ಟೆಸ್ಟಿಂಗಿಗೆ ಕಳುಹಿಸಿದರೆ, ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಗಾಡಿ ದಿನಗಟ್ಟಲೆ ನಿಲ್ಲುತ್ತದೆ, ಬಿಲ್ಲೂ ದೊಡ್ಡದಾಗುತ್ತದೆ. ಅದಕ್ಕೆ ಮೊದಲು ಟ್ಯಾಂಕಿನಿಂದ ಹೈ ಪ್ರೆಶರ್ ಪಂಪಿನವರೆಗಿನ ಅಗ್ಗದ ರಬ್ಬರ್ ಪೈಪುಗಳನ್ನು ನೋಡಲೇಬೇಕು.

ನಮ್ಮ ಗಾಡಿ ತೀರ್ಥಹಳ್ಳಿಯಿಂದ ಮಂಡಗದ್ದೆಯ ಮೇಲೆ ಶಿವಮೊಗ್ಗಕ್ಕೆ ಹೋಗುವಾಗ ಯಾವ ತಕರಾರೂ ಮಾಡುತ್ತಿರಲಿಲ್ಲ. ಕುಂದಾಪುರದ ಕಡೆಯಿಂದ ಹಂಚು ಹೇರಿಕೊಂಡು ಹೊಸಂಗಡಿ ದಾಟಿ ಹುಲಿಕಲ್ ಘಾಟಿ ಹತ್ತುವಾಗ ಮಾತ್ರ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಮುಗ್ಗರಿಸುತ್ತಿತ್ತು. ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದರೆ ಎಂಜಿನ್ ಸಲೀಸಾಗಿ ಏರುತ್ತಿತ್ತು. ಈ ವ್ಯತ್ಯಾಸವೇ ಮುಖ್ಯವಾದ ಸುಳಿವು. ಐಡ್ಲಿಂಗ್‌ನಲ್ಲಿ ರೈಲಿನ ಒತ್ತಡ ಸುಮಾರು 250–300 ಬಾರ್ ಇದ್ದರೆ ಸಾಕು. ಭಾರ ಹೊತ್ತು ಏರುವಾಗ ಅದು 1000 ಬಾರ್ ಮೀರಬೇಕಾಗುತ್ತದೆ, ಹೋಗುವ ಡೀಸೆಲ್ ಪ್ರಮಾಣವೂ ಹೆಚ್ಚುತ್ತದೆ. ಪೂರೈಕೆಯಲ್ಲಿ ಸ್ವಲ್ಪ ಕೊರತೆಯಿದ್ದರೂ ಅದು ತೋರುವುದು ಅಲ್ಲಿಯೇ.

ಹೊಗೆಯನ್ನೂ ಗಮನಿಸಬೇಕು. ಜರ್ಕಿನ ಜೊತೆ ಕಪ್ಪು ಹೊಗೆ ದಟ್ಟವಾಗಿ ಬಂದರೆ ಎಂಜಿನ್ನಿಗೆ ಗಾಳಿ ಸಾಲುತ್ತಿಲ್ಲವೆಂದು ಅನುಮಾನಿಸಿ ಏರ್ ಫಿಲ್ಟರ್, ಟರ್ಬೋ ಹೋಸ್, ಮಸಿ ಹಿಡಿದು ತೆರೆದೇ ಉಳಿದ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವ್) ಇವುಗಳನ್ನು ನೋಡಬೇಕು. ನಮ್ಮ ಗಾಡಿಯಲ್ಲಿ ಅಂತಹ ಹೊಗೆ ಇರಲಿಲ್ಲ. ಬೆಳಗ್ಗೆ ಸ್ಟಾರ್ಟ್ ಆಗಲು ಮಾತ್ರ ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತಿತ್ತು. ರಾತ್ರಿ ನಿಂತಾಗ ಡೀಸೆಲ್ ಟ್ಯಾಂಕಿಗೆ ಹಿಂದಿರುಗುತ್ತಿದೆ ಎಂಬುದಕ್ಕೆ ಇದೂ ಒಂದು ಲಕ್ಷಣ.

ಆದ್ದರಿಂದ ಮೆಕ್ಯಾನಿಕ್ ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ತಾತ್ಕಾಲಿಕವಾಗಿ ಪಾರದರ್ಶಕ ಪೈಪಿನ ತುಂಡೊಂದನ್ನು ಜೋಡಿಸಿದರು. ಐಡ್ಲಿಂಗ್‌ನಲ್ಲಿ ಡೀಸೆಲ್ ತಿಳಿಯಾಗಿಯೇ ಹರಿಯುತ್ತಿತ್ತು. ರೇಸ್ ಹೆಚ್ಚಿಸಿ ಸ್ವಲ್ಪ ಹೊತ್ತು ಹಾಗೆಯೇ ಹಿಡಿದಾಗ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬರತೊಡಗಿದವು. ಟ್ಯಾಂಕಿನ ಹತ್ತಿರದ ರಬ್ಬರ್ ಪೈಪು ಕ್ಲಿಪ್ಪಿನ ಅಡಿಯಲ್ಲಿ ಗಟ್ಟಿಯಾಗಿ, ಬಗ್ಗಿಸಿದಾಗ ಮಾತ್ರ ಕಾಣುವಷ್ಟು ಸಣ್ಣ ಬಿರುಕು ಬಿಟ್ಟಿತ್ತು.

ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪ್ ಇಲ್ಲದ ಗಾಡಿಗಳಲ್ಲಿ ಈ ಭಾಗದಲ್ಲಿರುವುದು ಒತ್ತಡವಲ್ಲ, ಹೀರುವಿಕೆ. ಹಾಗಾಗಿ ಬಿರುಕಿದ್ದರೂ ಡೀಸೆಲ್ ತೊಟ್ಟಿಕ್ಕದೆ ಇರಬಹುದು, ಗಾಳಿ ಮಾತ್ರ ಒಳಸೇರುತ್ತದೆ. ಗಾಡಿಯ ಕೆಳಗೆ ನೆಲ ಒಣಗಿದೆಯೆಂದು ಲೀಕ್ ಇಲ್ಲವೆಂದುಕೊಳ್ಳುವುದು ಸರಿಯಲ್ಲ. ಸ್ಕ್ಯಾನರ್ ಹಾಕಿದಾಗ ಬರುವ ಪಿ0087 ಕೋಡ್ ಕೂಡ ರೈಲಿನಲ್ಲಿ ಒತ್ತಡ ಕಡಿಮೆಯಿದೆ ಎಂದಷ್ಟೇ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಆ ಕೋಡೊಂದನ್ನೇ ನಂಬಿ ಪಂಪ್ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಹಾಗೆಂದು ಗಾಳಿ ಹಿಡಿದ ಗಾಡಿಯನ್ನು ಓಡಿಸುತ್ತಲೇ ಇರಬಾರದು. ಹೈ ಪ್ರೆಶರ್ ಪಂಪಿಗೆ ಹರಿಯುವ ಡೀಸೆಲ್ಲೇ ಸಾಮಾನ್ಯವಾಗಿ ಅದರ ಲೂಬ್ರಿಕೇಶನ್ ಕೂಡ.

ಪೈಪು, ಕ್ಲಿಪ್ಪು, ಡೀಸೆಲ್ ಫಿಲ್ಟರ್ ಬದಲಿಸಿ ಹ್ಯಾಂಡ್ ಪಂಪಿನಿಂದ ಏರ್ ತೆಗೆದ ಮೇಲೆ ಘಾಟಿಯಲ್ಲಿ ಗಾಡಿ ಒಂದೇ ಸಮನೆ ಎಳೆಯುತ್ತಿದೆ. ಹಳೆಯ ಫಿಲ್ಟರಿನ ತಳದಲ್ಲಿ ನೀರೂ ಇತ್ತು. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ತೇವ ಕಟ್ಟುವುದರಿಂದ, ಫಿಲ್ಟರಿನ ಡ್ರೈನ್ ಸ್ಕ್ರೂ ಸಡಿಲಿಸಿ ಆಗಾಗ ನೀರು ಬಿಡುವುದನ್ನು ಈಗ ರೂಢಿ ಮಾಡಿಕೊಂಡಿದ್ದೇವೆ. ಗುಳ್ಳೆ ಇಲ್ಲದೆಯೂ ಜರ್ಕ್ ಉಳಿದಿದ್ದರೆ ಇಂಜೆಕ್ಟರುಗಳ ರಿಟರ್ನ್ ಪೈಪಿಗೆ ಬಾಟಲಿ ಕಟ್ಟಿ ಯಾವುದರಿಂದ ಹೆಚ್ಚು ಡೀಸೆಲ್ ವಾಪಸು ಬರುತ್ತಿದೆ ಎಂದು ನೋಡುವುದು ಮುಂದಿನ ಹೆಜ್ಜೆಯಾಗುತ್ತಿತ್ತು. ಮೊದಲ ಗೇರಿನಲ್ಲಿ ಹೊರಡುವಾಗ ಕೇಳಿಸುವ ‘ಟಕ್’ ಎಂಬ ಸದ್ದು ಇನ್ನೂ ಹೋಗಿಲ್ಲ. ಅದು ಎಂಜಿನ್ನಿನದಲ್ಲ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುವಿದರೆ ಅದರ ಹಿಂದಿನ ಕೀಲಾದ ಕ್ರಾಸ್ ಬೇರಿಂಗಿನಲ್ಲಿ ಆಟ (ಸಡಿಲ) ಕಾಣಿಸುತ್ತದೆ. ಮುಂದಿನ ಸರ್ವಿಸಿನಲ್ಲಿ ಅದನ್ನು ಬದಲಿಸಬೇಕಾಗಿದೆ.