ಎಡ ಭುಜಕ್ಕೆ ಒಗ್ಗುವ ಕೋವಿ

11 ಫೆಬ್ರವರಿ 2024, ಭಾನುವಾರ

ಕೆನ್ನೆ ಇನ್ನೂ ಚುರುಚುರು ಅನ್ನುತ್ತಿದೆ. ಎಡಗಣ್ಣಿನಿಂದ ಎರಡು ಬೆರಳು ಕೆಳಗೆ, ಮೂಳೆ ಎದ್ದಿರುವ ಜಾಗದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ಕೆಂಪಗೆ ಊದಿಕೊಂಡಿದೆ. ಈ ಗುರುತು ಹೊಸದಲ್ಲ. ಏಳು ವರ್ಷದಿಂದ ಜಾಸ್ತಿ ಈಡು ಹೊಡೆದ ದಿನವೆಲ್ಲ ಬರುತ್ತದೆ, ಎರಡು ದಿನ ಇದ್ದು ಹೋಗುತ್ತದೆ. ಶಾಟ್‌ಗನ್ ಅಂದಮೇಲೆ ಒದೆಯುತ್ತದೆ, ಎಲ್ಲರಿಗೂ ಹೀಗೇ ಆಗುತ್ತದೆ ಅಂದುಕೊಂಡಿದ್ದೆ. ಹಾಗಲ್ಲ ಅಂತ ಇವತ್ತು ಗೊತ್ತಾಯಿತು.

ನಾನು ಎಡಚ. ಬರೆಯುವುದು, ಎಸೆಯುವುದು, ಕತ್ತರಿ ಹಿಡಿಯುವುದು ಎಲ್ಲ ಎಡಗೈಯಲ್ಲೇ. ಕೋವಿಯೂ ಎಡ ಭುಜಕ್ಕೇ ಏರುತ್ತದೆ. ಆದರೆ ಇಷ್ಟು ವರ್ಷ ಹೊಡೆದದ್ದು ಬಲಗೈಯವರಿಗೆಂದು ಮಾಡಿದ ಕೋವಿಯಲ್ಲಿ. ಕೊಳ್ಳುವಾಗ ಮಾರಿದವರು ‘ಎರಡೂ ಕೈಗೆ ನಡೆಯುತ್ತೆ, ಎರಡು ತಿಂಗಳಲ್ಲಿ ಅಭ್ಯಾಸ ಆಗುತ್ತೆ’ ಅಂದಿದ್ದರು. ಅಭ್ಯಾಸ ಆಯಿತು. ಆದರೆ ಗುರಿಯಾಗಿ ಗಾಳಿಗೆ ಎಸೆಯುವ ಕ್ಲೇ ತಟ್ಟೆಗಳಲ್ಲಿ ಎಡದಿಂದ ಬಲಕ್ಕೆ ಹಾರುವವು ಚೆನ್ನಾಗಿ ಒಡೆಯುತ್ತಿದ್ದವು, ಬಲದಿಂದ ಎಡಕ್ಕೆ ಹೋಗುವವು ಮಾತ್ರ ಏನೂ ಆಗದಂತೆ ತೇಲಿಕೊಂಡು ಹೋಗಿಬಿಡುತ್ತಿದ್ದವು. ನೋಡಿದವರೆಲ್ಲ ಒಂದೇ ಮಾತು ಹೇಳುತ್ತಿದ್ದರು. ತಲೆ ಎತ್ತುತ್ತಿದ್ದೀಯ, ತಟ್ಟೆಯ ಜೊತೆ ಕೋವಿ ಓಡಿಸುವುದನ್ನು ನಿಲ್ಲಿಸುತ್ತಿದ್ದೀಯ. ನಾನೂ ನಂಬಿದೆ. ಎಷ್ಟೋ ಸಂಜೆ ಗೋಡೆಯ ಮುಂದೆ ನಿಂತು ಖಾಲಿ ಕೋವಿ ಎತ್ತಿ ಇಳಿಸಿ, ತಲೆ ಅಲ್ಲಾಡದಂತೆ ಅಭ್ಯಾಸ ಮಾಡಿದ್ದೇನೆ.

ಇವತ್ತು ನಮ್ಮ ಜೊತೆ ಹೊಡೆಯುವ ಹಿರಿಯರೊಬ್ಬರು ನನ್ನ ಕೆನ್ನೆ ನೋಡಿದರು. ಏನೂ ಹೇಳದೆ ಹಾಳೆಯ ಮುಂದೆ ನಿಲ್ಲಿಸಿದರು. 16 ಗಜ, ಅಂದರೆ 14.6 ಮೀಟರ್ ದೂರದಲ್ಲಿ ದೊಡ್ಡ ಬಿಳಿ ಹಾಳೆ, ನಡುವೆ ಒಂದು ಕಪ್ಪು ಚುಕ್ಕಿ. ಗುರಿ ಹಿಡಿಯಬೇಡ, ಚುಕ್ಕಿಯನ್ನೇ ನೋಡುತ್ತಿರು, ಕೋವಿ ಭುಜಕ್ಕೆ ಬಂದ ತಕ್ಷಣ ಹೊಡೆ ಅಂದರು. ಒಂದು ಈಡಿಗೆ ಒಂದು ಹಾಳೆ. ಐದು ಹಾಳೆ ಆದ ಮೇಲೆ ಎಲ್ಲವನ್ನೂ ನೆಲದ ಮೇಲೆ ಪಕ್ಕಪಕ್ಕ ಹಾಸಿದೆವು. ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ತೂರಿ ಜರಡಿಯಾದ ಜಾಗದ ನಡುಭಾಗ ಐದರಲ್ಲೂ ಚುಕ್ಕಿಯ ಬಲಕ್ಕೇ ಇತ್ತು. ಅಳೆದು ಸರಾಸರಿ ತೆಗೆದರೆ ಏಳೂವರೆ ಸೆಂಟಿಮೀಟರ್. ತಲೆ ಎತ್ತಿದ್ದರೆ ಈಡು ಮೇಲಕ್ಕೆ ಹೋಗಬೇಕಿತ್ತು. ಮೇಲಕ್ಕೆ ಹೋಗಿರಲಿಲ್ಲ. ಸುಮ್ನೆ ಬಲಕ್ಕೆ.

ಯಾಕೆ ಅಂತ ಅವರು ಬಿಡಿಸಿ ಹೇಳಿದರು. ರೈಫಲ್‌ಗೆ ಹಿಂದೊಂದು ಮುಂದೊಂದು ಗುರಿಕಣ್ಣು ಇರುತ್ತದೆ. ಶಾಟ್‌ಗನ್‌ಗೆ ನಳಿಗೆಯ ತುದಿಯಲ್ಲಿ ಒಂದು ಮಣಿ, ಅಷ್ಟೇ. ಹಿಂದಿನ ಗುರಿ ನಮ್ಮ ಕಣ್ಣೇ. ಆ ಕಣ್ಣನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ಸ್ಟಾಕ್, ಅಂದರೆ ಭುಜಕ್ಕೆ ಒತ್ತುವ ಮರದ ಹಿಂಭಾಗ, ಅದರಲ್ಲೂ ಕೆನ್ನೆ ಒರಗುವ ಮೇಲಂಚು. ಅದಕ್ಕೆ ಕೋಂಬ್ ಅನ್ನುತ್ತಾರೆ. ಕಣ್ಣು ನಳಿಗೆಯ ನಡುಗೆರೆಯಿಂದ ಬಲಕ್ಕೆ ಸರಿದರೆ ಈಡೂ ಬಲಕ್ಕೆ ಹೋಗುತ್ತದೆ, ಮೇಲೆ ಕೂತರೆ ಮೇಲಕ್ಕೆ. ಕಣ್ಣಿನಿಂದ ನಳಿಗೆಯ ತುದಿಗೆ ಹೆಚ್ಚುಕಡಿಮೆ ಒಂದು ಗಜ, ಹಾಳೆ ಇರುವುದು 16 ಗಜದಲ್ಲಿ. ಹಾಗಾಗಿ ಕಣ್ಣು ಒಂದು ಮಿಲಿಮೀಟರ್ ಸರಿದರೆ ಹಾಳೆಯ ಮೇಲೆ ಸುಮಾರು 16 ಮಿಲಿಮೀಟರ್ ವ್ಯತ್ಯಾಸ. ನನ್ನ ಏಳೂವರೆ ಸೆಂಟಿಮೀಟರ್ ಅಂದರೆ ಕಣ್ಣು ಐದು ಮಿಲಿಮೀಟರ್‌ಗಿಂತ ಚೂರು ಕಡಿಮೆ ಬಲಕ್ಕೆ ಕೂತಿದೆ. ಒಂದು ಪೆನ್ಸಿಲ್ಲಿನ ದಪ್ಪವೂ ಇಲ್ಲ! ಆದರೆ ಅದೇ ತಪ್ಪು 35 ಮೀಟರ್ ದೂರದಲ್ಲಿ 18 ಸೆಂಟಿಮೀಟರ್ ಆಗುತ್ತದೆ. ತಟ್ಟೆಯ ಅಗಲವೇ 11 ಸೆಂಟಿಮೀಟರ್.

ಮನೆಗೆ ಬಂದ ಮೇಲೂ ಸಮಾಧಾನ ಆಗಲಿಲ್ಲ. ಕೋವಿ ತೆರೆದು ಎರಡೂ ನಳಿಗೆ ಖಾಲಿ ಅಂತ ಎರಡು ಸಲ ನೋಡಿ, ಮುಚ್ಚಿ ಮೇಜಿನ ಮೇಲಿಟ್ಟೆ. ಮುಂದಿನ ಮಣಿಗೆ ಕಪ್ಪು ದಾರ ಕಟ್ಟಿ, ನಳಿಗೆಯ ಮೇಲೆ ಉದ್ದಕ್ಕೂ ಇರುವ ಪಟ್ಟಿಯ, ಅಂದರೆ ರಿಬ್‌ನ, ನಟ್ಟನಡುವೆ ಬಿಗಿಯಾಗಿ ಎಳೆದು ಹಿಂದಕ್ಕೆ ತಂದೆ. ದಾರ ಸ್ಟಾಕ್‌ನ ಹಿಂತುದಿಯ ನಡುವಿಗೆ ಬೀಳಬೇಕಲ್ವಾ? ಬೀಳಲಿಲ್ಲ. ಸ್ಟಾಕ್ ದಾರದಿಂದ ಬಲಕ್ಕೆ ಸರಿದಿತ್ತು, ಮೇಲ್ತುದಿಯಲ್ಲಿ 4 ಮಿಲಿಮೀಟರ್, ಕೆಳತುದಿಯಲ್ಲಿ 7. ಏಳು ವರ್ಷ ಕೈಯಲ್ಲಿ ಹಿಡಿದಿದ್ದೇನೆ, ಎಣ್ಣೆ ಹಚ್ಚಿ ಒರೆಸಿದ್ದೇನೆ, ಒಂದು ಸಲವೂ ಈ ಬಾಗು ಕಣ್ಣಿಗೆ ಬಿದ್ದಿರಲಿಲ್ಲ.

ಈ ಬಾಗಿಗೆ ಕಾಸ್ಟ್ ಅನ್ನುತ್ತಾರೆ. ಬಲಗೈಯವರ ಕೆನ್ನೆ ಸ್ಟಾಕ್‌ನ ಎಡಮೈಗೆ ಒರಗುತ್ತದೆ, ಅದಕ್ಕೇ ಅವರ ಸ್ಟಾಕ್ ಬಲಕ್ಕೆ ಬಾಗಿ ಮುಖಕ್ಕೆ ಜಾಗ ಬಿಡುತ್ತದೆ. ಇದು ಕಾಸ್ಟ್-ಆಫ್. ಎಡಚರಿಗೆ ಎಡಕ್ಕೆ ಬಾಗಿರಬೇಕು, ಅದು ಕಾಸ್ಟ್-ಆನ್. ನನ್ನ ಕೆನ್ನೆ ಒರಗುವುದು ಬಲಮೈಗೆ. ಅಂದರೆ ಈ ಕೋವಿ ಏಳು ವರ್ಷದಿಂದ ನನ್ನ ಮುಖದ ಕಡೆಗೇ ಬಾಗಿಕೊಂಡಿದೆ. ಕಣ್ಣನ್ನು ಪಕ್ಕಕ್ಕೆ ತಳ್ಳುತ್ತಿತ್ತು, ಒದ್ದಾಗ ಓರೆಯಾಗಿ ಹಿಂದೆ ಬಂದು ಕೆನ್ನೆಗೆ ಬಡಿಯುತ್ತಿತ್ತು. ಕೆಂಪು ಗುರುತು, ತಪ್ಪಿದ ತಟ್ಟೆ, ಎರಡಕ್ಕೂ ಕಾರಣ ಒಂದೇ.

14 ಫೆಬ್ರವರಿ, ಬುಧವಾರ

ಹೊಸ ಕೋವಿ ತೆಗೆದುಕೊಳ್ಳುವುದು ಅಂತ ಮನಸ್ಸು ಮಾಡಿದ್ದೇನೆ. ಅದಕ್ಕೆ ಮೊದಲು ಗುರಿ ನೋಡುವಾಗ ನನ್ನ ಯಾವ ಕಣ್ಣು ಮುಂದಾಗುತ್ತದೆ ಅಂತ ನೋಡಿಕೊಳ್ಳಬೇಕಿತ್ತು.

ಎರಡೂ ಕೈ ಮುಂದೆ ಚಾಚಿ, ಅಂಗೈ ಸೇರಿಸಿ ಬೆರಳ ಸಂದಿಯಲ್ಲಿ ಸಣ್ಣ ಕಿಂಡಿ ಬಿಟ್ಟುಕೊಂಡೆ. ಎರಡೂ ಕಣ್ಣು ತೆರೆದೇ ಆ ಕಿಂಡಿಯಲ್ಲಿ ಗೋಡೆ ಗಡಿಯಾರ ನೋಡಿದೆ. ಬಲಗಣ್ಣು ಮುಚ್ಚಿದರೆ ಗಡಿಯಾರ ಅಲ್ಲೇ ಇತ್ತು. ಎಡಗಣ್ಣು ಮುಚ್ಚಿದರೆ ಮಾಯ. ನನ್ನ ಜೋರಿನ ಕಣ್ಣು ಎಡಗಡೆಯದು, ಸದ್ಯ. ಎಡಗೈಯವರಿಗೆಲ್ಲ ಹೀಗೇ ಇರುತ್ತದೆ ಅಂತಿಲ್ಲ. ಕೈ ಎಡ, ಕಣ್ಣು ಬಲ ಇರುವವರು ತುಂಬಾ ಜನ. ಅಂಥವರು ಎಷ್ಟೇ ಒಳ್ಳೆಯ ಎಡಗೈ ಕೋವಿ ಕೊಂಡರೂ ಬಲಗಣ್ಣು ಮಣಿಯನ್ನು ಕದ್ದುಬಿಡುತ್ತದೆ. ಈಗಷ್ಟೇ ಕಲಿಯುತ್ತಿದ್ದರೆ ಬಲ ಭುಜಕ್ಕೆ ಬದಲಾಯಿಸಿಕೊಳ್ಳುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಕೈ ಆಗಲೇ ಪಳಗಿದ್ದರೆ ಕನ್ನಡಕದ ಬಲಗಾಜಿನ ಮೇಲೆ, ಮಣಿ ಕಾಣುವ ಜಾಗಕ್ಕೆ ಸರಿಯಾಗಿ, ಮಬ್ಬು ಟೇಪಿನ ಸಣ್ಣ ತುಂಡು ಅಂಟಿಸಿಕೊಂಡು ಹೊಡೆಯುವವರಿದ್ದಾರೆ.

ಇನ್ನು ಯಾವ ಬಗೆಯ ಕೋವಿ ಅನ್ನುವ ಪ್ರಶ್ನೆ. ಸೆಮಿ-ಆಟೋ, ಅಂದರೆ ಒಂದು ಈಡು ಆದ ಮೇಲೆ ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವ ಕೋವಿ, ಹೊಡೆದರೆ ಒದೆತ ಕಡಿಮೆ, ನನ್ನ ಕೆನ್ನೆಗೆ ಆಸೆ ಹುಟ್ಟಿಸಿತು. ಆದರೆ ಸಾಮಾನ್ಯ ಸೆಮಿ-ಆಟೋದಲ್ಲಿ ಖಾಲಿ ತೋಟಾ ಬಲಗಡೆಯ ಕಿಂಡಿಯಿಂದ ಹಾರುತ್ತದೆ. ಬಲಗೈಯವರಿಗೆ ಅದು ಮುಖದ ಆಚೆ ಬದಿ. ನಮಗೆ ಕಿಂಡಿ ಇರುವುದು ನಮ್ಮ ಮುಖದ ಕಡೆಗೇ. ತೋಟಾ ಮುಖಕ್ಕೆ ಬಡಿಯುವುದು ಅಪರೂಪ, ಆದರೆ ಕಣ್ಣೆದುರೇ ಹಾರುತ್ತದೆ, ಹೊಗೆ ಮತ್ತು ಮದ್ದಿನ ಚೂರು ಈ ಕಡೆ ಬರುತ್ತದೆ, ಕನ್ನಡಕ ಇಲ್ಲದೆ ಹೊಡೆಯಲೇಬಾರದು. ಕಿಂಡಿಯನ್ನೇ ಎಡಕ್ಕೆ ಮಾಡಿದ ಎಡಗೈ ಮಾದರಿಗಳೂ ಇವೆ, ಬೆನೆಲ್ಲಿಯ ಮಾಂಟೆಫೆಲ್ಟ್ರೊ ಅಂಥದ್ದು. ಪಂಪ್, ಅಂದರೆ ಮುಂಗೈಹಿಡಿ ಹಿಂದೆ ಮುಂದೆ ಎಳೆದು ತೋಟಾ ಏರಿಸುವ ಕೋವಿ, ಬೇಕೆನ್ನುವವರಿಗೆ ಬ್ರೌನಿಂಗ್ ಬಿಪಿಎಸ್, ಇಥಾಕಾ 37 ಇವೆ. ಎರಡೂ ತೋಟಾವನ್ನು ಕೆಳಗಿನಿಂದ ಉದುರಿಸುತ್ತವೆ, ಎಡ ಬಲ ಅನ್ನುವ ಜಗಳವೇ ಇಲ್ಲ. ಟ್ರಿಗರ್ ಹತ್ತಿರ ಅಡ್ಡಕ್ಕೆ ಒತ್ತುವ ಸೇಫ್ಟಿ ಗುಂಡಿ ಇದ್ದರೆ ಅದನ್ನು ಎಡಗೈಗೆ ತಿರುಗಿಸಿ ಹಾಕಲು ಆಗುತ್ತದಾ ಅಂತ ಮೊದಲೇ ಕೇಳಿ. ಮಾಸ್‌ಬರ್ಗ್ 500 ತರಹ ಸೇಫ್ಟಿ ಬೆನ್ನಿನ ಮೇಲಿದ್ದರೆ ಯಾವ ಹೆಬ್ಬೆರಳಾದರೂ ಒಂದೇ.

ನನ್ನ ಮನಸ್ಸು ಮಾತ್ರ ಓವರ್-ಅಂಡರ್ ಕಡೆಗೇ, ಅಂದರೆ ಮೇಲೊಂದು ಕೆಳಗೊಂದು ನಳಿಗೆಯದು. ಮಡಚಿ ತೆರೆದರೆ ತೋಟಾ ಹಿಂದಕ್ಕೆ ಬರುತ್ತದೆ, ಸೇಫ್ಟಿ ಬೆನ್ನಿನ ಮೇಲೆ ನಡುವೆ. ತೆರೆಯುವ ಲಿವರ್ ಬಲಕ್ಕೆ ತಿರುಗುತ್ತದೆ, ಎಡ ಹೆಬ್ಬೆರಳಿಗೆ ಅದು ಸ್ವಲ್ಪ ತಿರುವುಮುರುವು. ಎಡಕ್ಕೆ ತಿರುಗುವ ಲಿವರ್ ಇದ್ದರೆ ಮಾತ್ರ ಅದು ನಿಜವಾದ ಎಡಗೈ ಕೋವಿ ಅಂತ ಕೆಲವರು ಹಟ ಹಿಡಿಯುತ್ತಾರೆ. ನಾನು ಒಪ್ಪುವುದಿಲ್ಲ. ಲಿವರ್ ಮುಟ್ಟುವುದು ಈಡು ಹೊಡೆದಾದ ಮೇಲೆ. ತಟ್ಟೆ ಒಡೆಯಿತೋ ಇಲ್ಲವೋ ಅನ್ನುವುದು ಅಷ್ಟರಲ್ಲಿ ತೀರ್ಮಾನ ಆಗಿರುತ್ತದೆ.

3 ಮಾರ್ಚ್, ಭಾನುವಾರ

ಇವತ್ತು ಅಳತೆ ಕೊಟ್ಟು ಬಂದೆ. ಸ್ಟಾಕ್ ಕೂರಿಸುವವರ ಹತ್ತಿರ ಟ್ರೈ-ಗನ್ ಅಂತ ಒಂದಿದೆ. ಅದರ ಸ್ಟಾಕ್‌ಗೆ ಕೀಲು, ತಿರುಪು ಇವೆ. ಉದ್ದ ಹೆಚ್ಚಿಸಬಹುದು, ಎಡಕ್ಕೆ ಬಲಕ್ಕೆ ಬಾಗಿಸಬಹುದು, ಕೋಂಬ್ ಏರಿಸಬಹುದು. ಕಣ್ಣು ಮುಚ್ಚಿ ಎತ್ತು ಅಂದರು. ಎತ್ತಿದೆ. ಈಗ ತೆರೆ ಅಂದರು. ತೆರೆದರೆ ಮಣಿ ಕಾಣಲೇ ಇಲ್ಲ, ಬೆನ್ನಿನ ಲೋಹ ಮಾತ್ರ. ಕಣ್ಣು ತೆರೆದೇ ಎತ್ತಿದ್ದರೆ ಕತ್ತು ತಾನಾಗಿ ಸರಿಮಾಡಿಕೊಂಡು ಮೋಸ ಮಾಡುತ್ತಿತ್ತು. ಅವರು ಕೋಂಬ್ ಎರಡು ಮಿಲಿಮೀಟರ್ ಏರಿಸಿದರು, ಮತ್ತೆ ಎತ್ತು ಅಂದರು. ಹೀಗೆ ಮುಕ್ಕಾಲು ಗಂಟೆ.

ಕೊನೆಗೆ ಬಂದ ಅಳತೆ: ಟ್ರಿಗರ್‌ನಿಂದ ಸ್ಟಾಕ್ ತುದಿಗೆ 365 ಮಿಲಿಮೀಟರ್, ರಿಬ್‌ನ ಗೆರೆಯಿಂದ ಕೋಂಬ್‌ನ ಮೂತಿಗೆ ಇಳಿತ 36, ಹಿಂತುದಿಗೆ 57, ಕಾಸ್ಟ್-ಆನ್ ಮೇಲ್ತುದಿಯಲ್ಲಿ 5, ಕೆಳತುದಿಯಲ್ಲಿ 8. ಇದು ನನ್ನ ಕತ್ತು, ನನ್ನ ಕೆನ್ನೆಯ ಅಳತೆ. ಇನ್ನೊಬ್ಬ ಎಡಚರಿಗೆ ಹೊಂದುತ್ತದೆ ಅಂತ ಹೇಳಲಾಗದು. ಉದ್ದ ನೋಡಲು ಮೊಣಕೈ ಮಡಚಿ ಸ್ಟಾಕ್ ಇಡುವ ಹಳೇ ಪದ್ಧತಿ ಇದೆಯಲ್ಲ, ಅದನ್ನು ನಂಬಬೇಡಿ, ಅದು ಕೈಯ ಉದ್ದ ಹೇಳುತ್ತದೆಯೇ ಹೊರತು ಕತ್ತಿನ ಉದ್ದ, ಎದೆಯ ಅಗಲ ಹೇಳುವುದಿಲ್ಲ. ಕೋವಿ ಎತ್ತಿ ಹಿಡಿದಾಗ ಮೂಗಿಗೂ ಟ್ರಿಗರ್ ಕೈಯ ಹೆಬ್ಬೆರಳಿಗೂ ನಡುವೆ ಎರಡು ಬೆರಳು ಜಾಗ ಇದೆಯಾ ಅಂತ ಅವರು ನೋಡಿದರು.

ಆಮೇಲೆ ಎರಡು ಓವರ್-ಅಂಡರ್ ಕೈಗೆ ಕೊಟ್ಟರು. ಒಂದರ ಮೇಲೆ ಕೆತ್ತನೆ ಕೆಲಸ ಎಷ್ಟು ಚೆಂದ ಅಂದರೆ ಕೆಳಗಿಡಲು ಮನಸ್ಸೇ ಬರಲಿಲ್ಲ. ಆದರೆ ಅದರ ಹಿಡಿಯಲ್ಲಿ ಬಲ ಅಂಗೈ ತುಂಬಲೆಂದು ಬಿಟ್ಟ ಉಬ್ಬು ಇತ್ತು. ಎಡಗೈಯಲ್ಲಿ ಹಿಡಿದರೆ ಆ ಉಬ್ಬು ನನ್ನ ಬೆರಳುಗಳ ಕೆಳಗೆ ಬಂದು, ತೋರುಬೆರಳು ಟ್ರಿಗರ್‌ಗೆ ಎಟುಕಿಯೂ ಎಟುಕದಂತಾಯಿತು. ಇನ್ನೊಂದು ಸಾದಾ ಕೋವಿ. ಸ್ಟಾಕ್ ನೇರ, ಯಾವ ಕಡೆಗೂ ಬಾಗಿಲ್ಲ, ಹಿಡಿಯಲ್ಲಿ ಉಬ್ಬಿಲ್ಲ, ಮರದ ನಾರು ಹಿಡಿಯ ಹತ್ತಿರ ನೆಟ್ಟಗೆ ಹರಿದಿದೆ. ಅಂಥ ವಾಲ್‌ನಟ್ ಮರವನ್ನು ಬಿಸಿ ಮಾಡಿ ಬೇಕಾದ ಕಡೆ ಬಗ್ಗಿಸಿ, ಆರುವವರೆಗೆ ಹಾಗೇ ಬಿಗಿದಿಡುತ್ತಾರಂತೆ. ಕೆತ್ತನೆಯದನ್ನು ಇನ್ನೊಂದು ಸಲ ನೋಡಿ, ಸಾದಾದ್ದನ್ನು ಬಗ್ಗಿಸಲು ಕೊಟ್ಟು ಬಂದೆ. ಹಣ ಕಡಿಮೆ ಇದ್ದರೆ ಹೊಸ ಕೋವಿಯೇ ಬೇಕಾಗಿಲ್ಲ. ಏರಿಸಿ ಇಳಿಸುವ, ಪಕ್ಕಕ್ಕೆ ಸರಿಸುವ ಕೋಂಬ್ ಹಾಕಿಸಬಹುದು. ಕೆಲವು ಸೆಮಿ-ಆಟೋಗಳ ಜೊತೆ ತೆಳು ಬಿಲ್ಲೆಗಳು ಬರುತ್ತವೆ, ಸ್ಟಾಕ್ ಬಿಚ್ಚಿ ಬಿಲ್ಲೆ ತಿರುಗಿಸಿ ಹಾಕಿದರೆ ಬಾಗು ಎಡಕ್ಕೆ ಬರುತ್ತದೆ.

24 ಮಾರ್ಚ್, ಭಾನುವಾರ

ಕೋವಿ ಬಂತು. ಖಾಲಿ ಅಂತ ನೋಡಿಕೊಂಡು ಮೊದಲು ಕನ್ನಡಿಯ ಮುಂದೆ ಎತ್ತಿದೆ. ಎಡಗಣ್ಣಿನ ಕಪ್ಪು ಗುಡ್ಡೆ ರಿಬ್‌ನ ಮೇಲೆ ನಟ್ಟನಡುವೆ ಕೂತಿತ್ತು, ಗುಡ್ಡದ ಹಿಂದಿನಿಂದ ಆಗತಾನೆ ಎದ್ದ ಚಂದ್ರನ ಹಾಗೆ. ಇಳಿಸಿ, ಕಣ್ಣು ಮುಚ್ಚಿ, ಮತ್ತೆ ಎತ್ತಿ ತೆರೆದೆ. ಅಲ್ಲೇ ಇತ್ತು. ಎಷ್ಟು ಸಲ ಎತ್ತಿದೆನೋ ಲೆಕ್ಕವಿಲ್ಲ.

ಬಯಲಿಗೆ ಹೋಗಿ ಅದೇ 16 ಗಜಕ್ಕೆ ಅದೇ ಐದು ಹಾಳೆ. ನಾಲ್ಕರಲ್ಲಿ ಚುಕ್ಕಿ ಚರೆಯ ನಡುವೆಯೇ ಮುಳುಗಿಹೋಗಿದೆ. ಒಂದರಲ್ಲಿ ಮಾತ್ರ ಈಡು ಎರಡು ಬೆರಳಷ್ಟು ಎಡಕ್ಕೆ ಹೋಗಿದೆ. ಅದು ನನ್ನ ಕೆಲಸ, ಏಳು ವರ್ಷ ಬಲಕ್ಕೆ ಹೋಗುತ್ತಿದ್ದ ಈಡನ್ನು ಒಳಗೊಳಗೇ ಎಡಕ್ಕೆ ಎಳೆದು ರೂಢಿಯಾದ ತೋಳು ಇಷ್ಟು ಬೇಗ ಮರೆಯುವುದಿಲ್ಲ. ಆಮೇಲೆ ಬಲದಿಂದ ಎಡಕ್ಕೆ ಹೋಗುವ ತಟ್ಟೆಗಳನ್ನೇ ಕೇಳಿ ಹಾಕಿಸಿಕೊಂಡೆ, 25. ಹದಿನೇಳು ಒಡೆದವು. ಹಳೇ ಕೋವಿಯಲ್ಲಿ ಹತ್ತು ದಾಟಿದ ನೆನಪೇ ಇಲ್ಲ. ಮೂರನೆಯದೋ ನಾಲ್ಕನೆಯದೋ ಪೂರಾ ಪುಡಿಯಾಗಿ ಕಪ್ಪು ಹೊಗೆಯ ಹಾಗೆ ಗಾಳಿಯಲ್ಲಿ ನಿಂತಾಗ ಕೋವಿ ತೆರೆಯುವುದನ್ನೂ ಮರೆತು ನಿಂತುಬಿಟ್ಟೆ.

ಈಗ ರಾತ್ರಿ. ಕೆನ್ನೆ ಸವರಿಕೊಂಡು ನೋಡಿದೆ, ಉರಿಯಿಲ್ಲ, ಊತವಿಲ್ಲ. ದಪ್ಪ ಜಾಕೆಟ್ ಹಾಕಿದಾಗ ಮಾತ್ರ ಸ್ಟಾಕ್ ಕಂಕುಳ ಹತ್ತಿರ ಬಟ್ಟೆಗೆ ಸಿಕ್ಕಿಕೊಳ್ಳುತ್ತಿದೆ. ಚಳಿಗಾಲಕ್ಕೆ ಇನ್ನೊಂದು ತೆಳು ಪ್ಯಾಡ್ ಮಾಡಿಸಿ, ಆರು ಮಿಲಿಮೀಟರ್ ಉದ್ದ ಇಳಿಸಬೇಕು.